ಹೃದಯ ಉಳಿಸಲು ಹೊಟ್ಟೆಗೆ ಕತ್ತರಿ!

ಹೃದಯ ಸೋತಿದೆ, ಬದಲಿ ಹೃದಯ ಹಾಕಿದರೆ ಬದುಕಬಹುದು. ಆದರೆ ವೈದ್ಯರು ತಕ್ಕಡಿಯತ್ತ ಬೆರಳು ತೋರಿಸುತ್ತಾರೆ: ಮೊದಲು ತೂಕ ಇಳಿಸಿ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ರೋಗಿ ವ್ಯಾಯಾಮ ಮಾಡುವುದಾದರೂ ಹೇಗೆ?

ಹೃದಯ ಕಸಿ ತಜ್ಞರ ಅಂತರರಾಷ್ಟ್ರೀಯ ಸಂಘಟನೆ 2016ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ದೇಹತೂಕ ಸೂಚ್ಯಂಕ 35 ಮೀರಿದವರು ಕಸಿಗೆ ಮುನ್ನ ತೂಕ ಇಳಿಸುವುದು ಒಳಿತು. ಈ ಸೂಚ್ಯಂಕದ ಲೆಕ್ಕ ಹೈಸ್ಕೂಲು ಮಕ್ಕಳಿಗೂ ಸುಲಭ. ಕಿಲೋ ಲೆಕ್ಕದ ತೂಕವನ್ನು, ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದರಾಯಿತು. 1.70 ಮೀಟರ್ ಎತ್ತರದವರು 102 ಕಿಲೋ ತೂಗಿದರೆ ಸೂಚ್ಯಂಕ 35 ದಾಟುತ್ತದೆ.

ಇಂಥವರಿಗೆ ಉಳಿದಿರುವ ದಾರಿಗಳಲ್ಲಿ ಶಸ್ತ್ರಚಿಕಿತ್ಸೆಯೂ ಒಂದು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ 1966ರಲ್ಲೇ ಜಠರಕ್ಕೆ ಅಡ್ಡದಾರಿ ಮಾಡಿಕೊಡುವ 'ಗ್ಯಾಸ್ಟ್ರಿಕ್ ಬೈಪಾಸ್' ಆರಂಭಿಸಿದರು. ಈಗ ಹೆಚ್ಚು ಬಳಕೆಯಲ್ಲಿರುವುದು 'ಸ್ಲೀವ್' ವಿಧಾನ. ಇದರಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನಂಥ ಕೊಳವೆ. ನಾಲ್ಕು ತುತ್ತಿಗೇ ಹೊಟ್ಟೆ ತುಂಬುತ್ತದೆ. ಅಷ್ಟೇ ಅಲ್ಲ, 1999ರಲ್ಲಿ ಜಪಾನಿನ ವಿಜ್ಞಾನಿಗಳು ಪತ್ತೆ ಹಚ್ಚಿದ ಹಸಿವಿನ ಹಾರ್ಮೋನು 'ಗ್ರೆಲಿನ್' ಹೆಚ್ಚಾಗಿ ತಯಾರಾಗುವುದು ಕತ್ತರಿಸಿ ತೆಗೆಯುವ ಆ ಭಾಗದಲ್ಲೇ. ಹಾಗಾಗಿ ಹಸಿವೂ ತಗ್ಗುತ್ತದೆ.

ಇದೆಲ್ಲ ತೆಳ್ಳಗೆ ಕಾಣುವ ಶೋಕಿ ಎಂದು ಮೂಗು ಮುರಿಯುವವರು ಸ್ವೀಡನ್ನಿನತ್ತ ನೋಡಬೇಕು. ಅಲ್ಲಿ 1987ರಲ್ಲಿ ಆರಂಭವಾದ ದೀರ್ಘಾವಧಿ ಅಧ್ಯಯನದ ಒಂದು ವರದಿ 2012ರಲ್ಲಿ ಪ್ರಕಟವಾಯಿತು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 2,010 ಮಂದಿಯಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಸತ್ತವರು 28. ಮಾಡಿಸಿಕೊಳ್ಳದ 2,037 ಮಂದಿಯಲ್ಲಿ 49.

ಆದರೆ ಅವರೆಲ್ಲ ಹೃದಯ ಸೋತವರಲ್ಲ. ಬಲಹೀನ ಹೃದಯಕ್ಕೆ ಅರಿವಳಿಕೆಯೇ ಒಂದು ಗಂಡಾಂತರ. ಎದೆಯೊಳಗೆ ರಕ್ತ ಪಂಪು ಮಾಡುವ ಯಂತ್ರ ಅಳವಡಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ಔಷಧ ಸೇವಿಸುತ್ತಿರುತ್ತಾರೆ, ಅವರಿಗೆ ರಕ್ತಸ್ರಾವದ ಭಯ ಬೇರೆ. ಆದ್ದರಿಂದ ಹೃದಯತಜ್ಞರು, ಅರಿವಳಿಕೆ ತಜ್ಞರು ಒಟ್ಟಿಗೆ ನಿಲ್ಲುವ ದೊಡ್ಡ ಆಸ್ಪತ್ರೆಯೇ ಬೇಕು. ಮನೆಗೆ ಬಂದ ಮೇಲೂ ಬಿ12, ಕಬ್ಬಿಣದಂಥ ಪೋಷಕಾಂಶಗಳ ಮಾತ್ರೆ ಜೀವನಪೂರ್ತಿ ತಪ್ಪದು.

ಕತ್ತರಿ ಇಲ್ಲದ ದಾರಿಯೂ ತೆರೆದಿದೆ. ಹೃದ್ರೋಗವಿದ್ದು ಮಧುಮೇಹವಿಲ್ಲದ 17,604 ದಪ್ಪ ಮೈಯವರ ಮೇಲೆ 'ಸೆಮಾಗ್ಲುಟೈಡ್' ಚುಚ್ಚುಮದ್ದಿನ ಪರೀಕ್ಷೆ ನಡೆಯಿತು. ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಒಟ್ಟಾರೆ ಶೇ 20ರಷ್ಟು ತಗ್ಗಿದ್ದು 2023ರಲ್ಲಿ ತಿಳಿಯಿತು. ಆದರೆ ಮದ್ದು ನಿಲ್ಲಿಸಿದರೆ ಇಳಿದ ತೂಕದ ಬಹುಪಾಲು ಮತ್ತೆ ಏರುತ್ತದೆ.

ಇತ್ತ, ಎದೆಯ ಯಂತ್ರದೊಂದಿಗೇ ಸ್ಲೀವ್ ಮಾಡಿಸಿಕೊಂಡ ಕೆಲವರಿಗೆ ಹೃದಯ ಕಸಿ ಸಾಧ್ಯವಾಗಿದೆ. ಬೆರಳೆಣಿಕೆಯ ಮಂದಿಯಲ್ಲಿ ಸ್ವಂತ ಹೃದಯವೇ ಚೇತರಿಸಿಕೊಂಡು, ಕಸಿಯ ಗೊಡವೆಯೇ ಇಲ್ಲದೆ ಯಂತ್ರವನ್ನು ಹೊರತೆಗೆದದ್ದೂ ಉಂಟು.