ಭೂಮಿಗೆ ಕೊಟ್ಟ ತುದಿ

ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನು ಟ್ರಾನ್ಸ್‌ಫಾರ್ಮರಿನ ಮಾತೆತ್ತಿದರೆ ಕೇಳುಗರಿಗೆ ಸೋಜಿಗವೆನಿಸಬಹುದು. ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಬೆಂಗಳೂರಿನ ಪೀಣ್ಯದಲ್ಲಿ ಸಣ್ಣದೊಂದು ವರ್ಕ್‌ಷಾಪು ನಡೆಸುತ್ತಾರೆ. ಅಲ್ಲಿ ಒಂದು ದಿನ, ಯಾರೂ ಗುಂಡಿ ಒತ್ತದಿದ್ದರೂ ಲೇತೊಂದು ತಾನಾಗಿ ತಿರುಗತೊಡಗಿತು. ಅದರ ಬಾಯಿಗೆ ಕಬ್ಬಿಣದ ತುಂಡನ್ನು ಬಿಗಿಯುತ್ತಿದ್ದ ಹುಡುಗ ಹೇಗೋ ಕೈ ಉಳಿಸಿಕೊಂಡ. ಅದರ ಕಾರಣವನ್ನು ಅವರಿಂದ ಕೇಳಿ ತಿಳಿದೆ. ಅದನ್ನೇ ಇಂದು ನಿಮ್ಮ ಮುಂದಿಡುತ್ತೇನೆ.

ಕಾರ್ಖಾನೆಗೆ ಬರುವ ಮೂರು ಫೇಸುಗಳಲ್ಲಿ ಯಾವ ಎರಡರ ನಡುವೆಯೂ ಸುಮಾರು 415 ವೋಲ್ಟ್ ಇರುತ್ತದೆ. ಮೋಟಾರಿಗೆ ಅದು ಬೇಕು. ಬೆರಳು ತಾಕುವ ಗುಂಡಿಗೆ ಬೇಡ. ಆದುದರಿಂದ ಗುಂಡಿಯ ಮಂಡಲಕ್ಕೆಂದು ಒಂದು ಪುಟ್ಟ ಟ್ರಾನ್ಸ್‌ಫಾರ್ಮರನ್ನು ಇಡುತ್ತಾರೆ. ಫ್ಯಾರಡೆ 1831ರಲ್ಲಿ ಕಂಡ ತತ್ತ್ವವೇ ಅದರ ಜೀವಾಳ: ಒಂದೇ ಕಬ್ಬಿಣದ ತಿರುಳಿಗೆ ಎರಡು ಸುರುಳಿ; ಸುತ್ತುಗಳು ಯಾವ ಪ್ರಮಾಣದಲ್ಲಿವೆಯೋ ವೋಲ್ಟೇಜೂ ಅದೇ ಪ್ರಮಾಣದಲ್ಲಿ. ಹೊರಬರುವ 110 ವೋಲ್ಟ್ ಕಾಂಟ್ಯಾಕ್ಟರಿಗೆ, ಎಂದರೆ ಅಯಸ್ಕಾಂತದ ಸೆಳೆತದಿಂದ ಮೋಟಾರಿಗೆ ವಿದ್ಯುತ್ತನ್ನು ಕೂಡಿಸುವ ಸಾಧನಕ್ಕೆ. 24 ವೋಲ್ಟ್ ಯಂತ್ರದ ದೀಪಕ್ಕೆ.

ಒಳಬರುವ ಕಡೆ 0, 230, 380, 415, 440 ಎಂದು ಹಲವು ತುದಿಗಳಿರುತ್ತವೆ. 415ರ ವಿದ್ಯುತ್ತನ್ನು 380ರ ತುದಿಗೆ ಕೊಟ್ಟರೆ 110 ಇರಬೇಕಾದಲ್ಲಿ 120 ಬರುತ್ತದೆ. ಕಾಂಟ್ಯಾಕ್ಟರಿನ ಸುರುಳಿ ಬಿಸಿಯಾಗುತ್ತದೆ. 230ರ ತುದಿಗೆ ಕೊಟ್ಟರೆ ಟ್ರಾನ್ಸ್‌ಫಾರ್ಮರೇ ಸುಟ್ಟೀತು. ಆದ್ದರಿಂದ ಮೊದಲು ಮೀಟರಿನಿಂದ ಅಳೆಯಬೇಕು. ಬಳಿಕ ಮುಖ್ಯ ಸ್ವಿಚ್ಚನ್ನು ಆರಿಸಿ, ವಿದ್ಯುತ್ತಿಲ್ಲವೆಂದು ಪರೀಕ್ಷಿಸಿ, ತಂತಿಯನ್ನು ಜೋಡಿಸಬೇಕು.

ಈ ತಪ್ಪಿನಿಂದ ನಷ್ಟವಾಗುವುದು ಹಣ. ಇನ್ನೊಂದು ತಪ್ಪಿನಿಂದ ಕೈಯೇ ಹೋದೀತು. 110 ವೋಲ್ಟಿನ ಒಂದು ತುದಿಯನ್ನು ಯಂತ್ರದ ಮೈಗೂ ಭೂಮಿಗೂ ಸೇರಿಸುವುದು ವಾಡಿಕೆ. ಕಾಂಟ್ಯಾಕ್ಟರಿನ ಒಂದು ಕೊನೆ ನೇರವಾಗಿ ಈ ತುದಿಗೆ ಸೇರಬೇಕು. ಗುಂಡಿ, ಫ್ಯೂಸುಗಳೆಲ್ಲ ಇನ್ನೊಂದು ಕಡೆಯಲ್ಲಿರಬೇಕು. ಆ ಲೇತಿನಲ್ಲಿ ಇದು ತಿರುವುಮುರುವಾಗಿತ್ತು: ಕಾಂಟ್ಯಾಕ್ಟರಿಗೂ ಭೂಮಿಗೂ ನಡುವೆ ಗುಂಡಿಯಿತ್ತು. ವರ್ಷಗಳ ಅದುರಿಗೆ ತಂತಿಯ ಹೊದಿಕೆ ಸವೆದು, ಒಳಗಿನ ತಾಮ್ರ ಯಂತ್ರದ ಮೈಗೆ ತಗುಲಿತು. ಗುಂಡಿ ಮಾಡಬೇಕಾದ ಕೆಲಸವನ್ನು ಆ ಸ್ಪರ್ಶವೇ ಮಾಡಿತು, ಲೇತು ಹೊರಟಿತು. ಜೋಡಣೆ ಸರಿಯಿದ್ದಿದ್ದರೆ ಅದೇ ಸವೆತ ಫ್ಯೂಸನ್ನು ಸುಟ್ಟು ಯಂತ್ರವನ್ನು ಸುಮ್ಮನೆ ನಿಲ್ಲಿಸುತ್ತಿತ್ತು.

ಎರಡು ಬಗೆಯ ಜೋಡಣೆಯಲ್ಲೂ ಯಂತ್ರ ದಿನವೂ ಚೆನ್ನಾಗಿಯೇ ನಡೆಯುತ್ತದೆ ಎಂಬುದೇ ಇಲ್ಲಿನ ಅಪಾಯ. ಕನ್ನಡ ವಾಕ್ಯದಲ್ಲಿ ಪದಗಳು ಹಿಂದುಮುಂದಾದರೂ ವಿಭಕ್ತಿ ಅರ್ಥವನ್ನು ಕಾಯುತ್ತದೆ. ತಂತಿಗೆ ವಿಭಕ್ತಿಯಿಲ್ಲ, ಅದರ ಸ್ಥಾನವೇ ಅದರ ಅರ್ಥ. ನನ್ನ ವಿದ್ಯಾರ್ಥಿ ಆ ಸಂಜೆಯೇ ಎಲ್ಲ ಯಂತ್ರಗಳ ಪೆಟ್ಟಿಗೆಗಳನ್ನೂ ಬಿಚ್ಚಿ ನೋಡಿದರಂತೆ. ಇನ್ನೊಂದರಲ್ಲಿಯೂ ತಂತಿ ಹಾಗೆಯೇ ಇತ್ತು.