ಗೂಡು ಕಾಣದ ಇಟ್ಟಿಗೆ

ತೆಲಿಗಿಯಲ್ಲಿ ಮನೆ ಕಟ್ಟಿಸುವವರು ಮೊದಲು ಕೇಳುವುದು, ಇಟ್ಟಿಗೆ ಲೋಡಿಗೆ ಎಷ್ಟು ಅಂತ. ಗೌಂಡಿಯಾದ ನಾನು ತಿರುಗಿ ಕೇಳುತ್ತೇನೆ: ನಿಮ್ಮ ಹೊಲ ಎರೆಯೋ, ಮಸಾರಿಯೋ? ಮಸಾರಿಯಾದರೆ ಇಟ್ಟಿಗೆ ಗೂಡಿನ ಕಡೆ ಹೋಗಬೇಕಿಲ್ಲ.

ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ ಸೀಮೆಗೆ ಮಣ್ಣಿನ ಗೋಡೆ ಹೊಸದೇನಲ್ಲ. ಹಳೇ ಮಾಳಿಗೆ ಮನೆಗಳು ಬೇಸಿಗೆಯಲ್ಲಿ ತಂಪು. ಆದರೆ ಜಡಿಮಳೆ ಹಿಡಿದರೆ ಗೋಡೆ ನೆನೆದು ಕುಸಿಯುತ್ತದೆ. ಆ ಭಯಕ್ಕೇ ಜನ ಸುಟ್ಟ ಇಟ್ಟಿಗೆಗೆ ಹೋದರು. ಅದಕ್ಕೆ ಸಾವಿರ ಡಿಗ್ರಿಯ ಹತ್ತಿರ ಕಾವು ಬೇಕು. ಬಳ್ಳಾರಿ ಜಾಲಿ ಉರಿಸಿದರೂ ಅಷ್ಟೇ, ಹೊಟ್ಟು ಉರಿಸಿದರೂ ಅಷ್ಟೇ, ಹೊಗೆ ಮಾತ್ರ ಊರಿಗೆ.

ನೆನೆದರೂ ಕರಗದ ಮಣ್ಣಿನ ಇಟ್ಟಿಗೆಯನ್ನು ನಮ್ಮಲ್ಲಿ ಪಳಗಿಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. 1974ರಲ್ಲಿ ಎ.ಕೆ.ಎನ್. ರೆಡ್ಡಿ ಅಲ್ಲಿ ಹಳ್ಳಿಗಳಿಗೆಂದೇ ‘ಅಸ್ತ್ರ’ ಕೇಂದ್ರ ಶುರು ಮಾಡಿದರು. ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮುಂತಾದವರು ಮಣ್ಣಿಗೆ ಅಲ್ಪ ಸಿಮೆಂಟ್ ಬೆರೆಸಿ ಕೈಯಂತ್ರದಲ್ಲಿ ಒತ್ತುವುದನ್ನು ಹದಕ್ಕೆ ತಂದರು. ಇಂಥ ಯಂತ್ರ 1950ರ ದಶಕದಲ್ಲಿ ಕೊಲಂಬಿಯಾದಲ್ಲಿ ಹೆಸರಾಗಿತ್ತು. ನಮ್ಮದರ ಹೆಸರು ‘ಮರ್ದಿನಿ’.

ಬೇರು, ಕಸ ಇರುವ ಮೇಲ್ಮಣ್ಣನ್ನು ತೆಗೆದು ಬದಿಗಿಡಬೇಕು, ಅದು ಹೊಲಕ್ಕೇ ಇರಲಿ. ಕೆಳಗಿನ ಮಣ್ಣನ್ನು ಗಾಜಿನ ಬಾಟಲಿಗೆ ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಇಡುತ್ತೇನೆ. ಉಸುಕು ಕೂಡಲೇ ತಳ ಸೇರುತ್ತದೆ, ಜೇಡಿ ನಿಧಾನಕ್ಕೆ ಇಳಿಯುತ್ತದೆ. ಜೇಡಿ ನೂರಕ್ಕೆ 10–15 ಇದ್ದರೆ ಒಳ್ಳೇ ಮಣ್ಣು. ಹೆಚ್ಚಾದರೆ ಉಸುಕೋ ಜಲ್ಲಿ ಪುಡಿಯೋ ಸೇರಿಸಬೇಕು.

ಜರಡಿ ಹಿಡಿದ ಮಣ್ಣಿಗೆ ನೂರಕ್ಕೆ 7ರಷ್ಟು ಸಿಮೆಂಟ್ ಬೆರೆಸಿ ನೀರು ಚಿಮುಕಿಸುತ್ತೇವೆ. ಉಂಡೆ ಕಟ್ಟಿ ಸೊಂಟದೆತ್ತರದಿಂದ ಬಿಟ್ಟರೆ ನಾಲ್ಕೈದು ಚೂರಾಗಬೇಕು. ಪುಡಿಯಾದರೆ ನೀರು ಸಾಲದು, ಚಪ್ಪಟೆಯಾಗಿ ಕೂತರೆ ಹೆಚ್ಚಾಯಿತು. ಆಮೇಲೆ ತಕ್ಕಡಿ. 230×190×100 ಮಿ.ಮೀ. ಇಟ್ಟಿಗೆಗೆ ಹಸಿ ಮಣ್ಣು ಒಂಬತ್ತು ಕಿಲೋ ಆಸುಪಾಸು, ಪ್ರತಿ ಸಲವೂ ಒಂದೇ ತೂಕ. ಹೊಸ ಹುಡುಗರು ಪುಟ್ಟಿಯಿಂದ ಅಂದಾಜಿನ ಮೇಲೆ ಸುರಿಯುತ್ತಾರೆ. ಹಾಗೆ ಒತ್ತಿದವು ನೋಡಲು ಒಂದೇ ಥರ, ಗಟ್ಟಿತನ ಮಾತ್ರ ಒಂದೊಂದಕ್ಕೆ ಒಂದೊಂದು. ಕಲಸಿದ್ದನ್ನು ಅರ್ಧ ಗಂಟೆಯೊಳಗೆ ಒತ್ತಿ ಮುಗಿಸಬೇಕು. ಮೇಲೆ ಮೂರು ವಾರ ಹುಲ್ಲು ಹೊದಿಸಿ ಕ್ಯೂರಿಂಗ್.

ಸಿಮೆಂಟೇನು ಪುಣ್ಯದ ವಸ್ತುವಲ್ಲ, ಅದೂ ಬೆಂಕಿಯಲ್ಲೇ ಹುಟ್ಟಿದ್ದು. ಆದರೂ ಸುಟ್ಟ ಇಟ್ಟಿಗೆಯ ಗೋಡೆಗೆ ಹಿಡಿಯುವ ಇಂಧನದಲ್ಲಿ ಸುಮಾರು ಮೂರನೇ ಒಂದು ಪಾಲು ಇದಕ್ಕೆ ಸಾಕು.

ಎರೆ ಮಣ್ಣಿನ ಕಥೆ ಬೇರೆ. ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದಕ್ಕೆ ಸುಣ್ಣ ಬೇಕು, ಉಸುಕೂ ಬಹಳ ಬೇಕು. ಹಡಗಲಿ ಕಡೆಯ ಎರೆ ಹೊಲದವರಿಗೆ ನಾನು ಒತ್ತಾಯ ಮಾಡುವುದಿಲ್ಲ, ಹಾರುಬೂದಿ ಇಟ್ಟಿಗೆ ನೋಡಿ ಅನ್ನುತ್ತೇನೆ. ಅದೂ ಸುಡದ್ದೇ, ಬೂದಿಗೆ ಕುಡಿತಿನಿಯ ವಿದ್ಯುತ್ ಸ್ಥಾವರ ನಮ್ಮ ಪಕ್ಕದ ಜಿಲ್ಲೆಯಲ್ಲೇ ಇದೆ.

ಯಾವುದೇ ಮಣ್ಣಿರಲಿ, ಪಾಯ ಕಲ್ಲಿನದಾಗಿರಬೇಕು, ಮಾಳಿಗೆಯ ಅಂಚು ಗೋಡೆಯಿಂದ ಎರಡಡಿ ಹೊರಗೆ ಚಾಚಿರಬೇಕು. ಹೊರಗೆ ಪ್ಲಾಸ್ಟರ್ ಬೇಡ ಅಂದರೆ ಮನೆಯವರಿಗೆ ಸಮಾಧಾನವಿಲ್ಲ, ನೆಂಟರು ಏನಂದಾರು ಎಂಬ ಚಿಂತೆ. ಸಂದು ಮಾತ್ರ ತುಂಬಿಸಿ, ಉಳಿದ ದುಡ್ಡಿಗೆ ಒಳ್ಳೇ ಬಾಗಿಲು ಮಾಡಿಸಿ ಅನ್ನುತ್ತೇನೆ. ಬಾಗಿಲಿನ ಮಾತು ಬಂದರೆ ಒಪ್ಪುತ್ತಾರೆ.