ಏಳು ದಿನದ ಗುದ್ದಲಿ, ಮೂರು ಕಾಲದ ನೆಲ

ನೆಲಮಂಗಲ ತಾಲ್ಲೂಕಿನ ಸೋಂಪುರದ ಹೆಸರು ಇಂದು ಹೆಚ್ಚಾಗಿ ಕೇಳಿಬರುವುದು ಕೈಗಾರಿಕಾ ಪ್ರದೇಶದ ಕಾರಣದಿಂದ. ದಾಬಸ್‌ಪೇಟೆಯ ಸುತ್ತಮುತ್ತ ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಕಾರ್ಖಾನೆಗಳೂ ಗೋದಾಮುಗಳೂ ತಲೆ ಎತ್ತಿವೆ. ಆದರೆ ಈ ಸೀಮೆಗೆ ಇನ್ನೊಂದು ಗುರುತೂ ಇದೆ. ಇಲ್ಲಿನ ಶಿವಗಂಗೆ ಬೆಟ್ಟದಲ್ಲಿ ಹುಟ್ಟುವ ಕುಮುದ್ವತಿ ಎಂಬ ಸಣ್ಣ ನದಿ ನೆಲಮಂಗಲ, ಮಾಗಡಿ ತಾಲ್ಲೂಕುಗಳ ಕೆರೆ ಕಟ್ಟೆಗಳನ್ನು ದಾಟಿ ತಿಪ್ಪಗೊಂಡನಹಳ್ಳಿಯ ಬಳಿ ಅರ್ಕಾವತಿಯನ್ನು ಸೇರುತ್ತದೆ. ಅಲ್ಲಿ 1933ರಲ್ಲಿ ನಿರ್ಮಾಣಗೊಂಡ ಚಾಮರಾಜಸಾಗರ ಜಲಾಶಯ ದಶಕಗಳ ಕಾಲ ಬೆಂಗಳೂರಿಗೆ ನೀರುಣಿಸಿತು. ಒಳಹರಿವು ಕುಗ್ಗುತ್ತಾ ಹೋಗಿ 2012ರಲ್ಲಿ ನಗರಕ್ಕೆ ಅಲ್ಲಿಂದ ನೀರೆತ್ತುವುದೇ ನಿಂತುಹೋಯಿತು.

ಬತ್ತಿದ ಈ ನದಿಯ ದಡಕ್ಕೆ 2013ರಿಂದೀಚೆಗೆ ಗುದ್ದಲಿ, ಮಂಕರಿ ಹಿಡಿದ ಯುವಕ ಯುವತಿಯರು ಬರತೊಡಗಿದರು. ಆರ್ಟ್ ಆಫ್ ಲಿವಿಂಗ್ ಸಂಸ್ಥೆ ಕೈಗೊಂಡ ಕುಮುದ್ವತಿ ಪುನಶ್ಚೇತನ ಕಾರ್ಯದಲ್ಲಿ ಬೆಂಗಳೂರಿನ ಸ್ವಯಂಸೇವಕರು ವಾರಾಂತ್ಯಗಳಲ್ಲಿ ಹಳ್ಳಿಗಳಿಗೆ ಹೋಗಿ ಊರವರೊಡನೆ ಕಲ್ಯಾಣಿಗಳ ಹೂಳೆತ್ತಿದರು, ಹಳ್ಳಗಳಿಗೆ ಅಡ್ಡಲಾಗಿ ಕಲ್ಲಿನ ತಡೆ ಕಟ್ಟಿದರು, ನೀರಿಂಗಿಸುವ ಬಾವಿ ತೋಡಿದರು, ಗಿಡ ನೆಟ್ಟರು. ಯುವಜನರ ಶ್ರಮದಿಂದ ನೆಲವನ್ನು ಸರಿಪಡಿಸುವ ಇಂಥ ಪ್ರಯತ್ನ ನಮ್ಮಲ್ಲಿ ಹೊಸದಲ್ಲ. ಆದರೆ ಪ್ರತಿಬಾರಿಯೂ ಏಳುವ ಪ್ರಶ್ನೆಯೊಂದಿದೆ: ಶಿಬಿರ ಮುಗಿದ ಮೇಲೆ ಆ ಕೆಲಸವನ್ನು ಕಾಯುವವರು ಯಾರು?

ಕೆರೆಗೊಬ್ಬ ಕಾವಲುಗಾರ

ಹಳೆಯ ಮೈಸೂರು ಸೀಮೆಯಲ್ಲಿ ಈ ಪ್ರಶ್ನೆಗೆ ಒಂದು ಉತ್ತರವಿತ್ತು. ಕೆರೆ ಕಟ್ಟಿಸಿದವರಿಗೆ, ಅದನ್ನು ಸುಸ್ಥಿತಿಯಲ್ಲಿ ಇಡುವವರಿಗೆ ಕಟ್ಟುಕೊಡಗಿ ಎಂಬ ಹೆಸರಿನಲ್ಲಿ ಜಮೀನು ಬಿಟ್ಟುಕೊಟ್ಟದ್ದನ್ನು ನಮ್ಮ ಶಾಸನಗಳು ಹೇಳುತ್ತವೆ. ಕೆರೆಯ ಹೂಳು ಹೊರಲೆಂದೇ ಬಂಡಿ, ಕೋಣಗಳನ್ನು ಇಟ್ಟುಕೊಳ್ಳಲು ದತ್ತಿ ಬಿಟ್ಟ ದಾಖಲೆಗಳೂ ಇವೆ. ಬೇಸಿಗೆಯಲ್ಲಿ ನೀರು ತಗ್ಗಿದಾಗ ರೈತರು ಕೆರೆಗೋಡನ್ನು ಗಾಡಿಗಳಲ್ಲಿ ತುಂಬಿ ಹೊಲಕ್ಕೆ ಸಾಗಿಸುತ್ತಿದ್ದರು. ಹೊಲಕ್ಕೆ ಗೊಬ್ಬರವೂ ಆಯಿತು, ಕೆರೆ ಆಳವೂ ಆಯಿತು.

ಇದು ವರ್ಷಕ್ಕೊಮ್ಮೆ ಊರೆಲ್ಲ ಸೇರಿ ಮಾಡುವ ಕೆಲಸ. ಉಳಿದ ದಿನಗಳಲ್ಲಿ ಕೆರೆಯ ಹೊಣೆ ನೀರುಗಂಟಿಯದು. ತೂಬು ಎತ್ತುವುದು, ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು, ಕಾಲುವೆಯಲ್ಲಿ ಕಸ ಕಟ್ಟದಂತೆ ನೋಡುವುದು, ಮಳೆಗಾಲದ ರಾತ್ರಿ ಏರಿಯ ಮೇಲೆ ನಡೆದು ಬಿರುಕು ಬಿಟ್ಟಿದೆಯೇ ಎಂದು ಪರೀಕ್ಷಿಸುವುದು ಅವನ ಕೆಲಸ. ಸುಗ್ಗಿಯಲ್ಲಿ ಕಣದಿಂದ ಅವನ ಪಾಲಿನ ಧಾನ್ಯ ಸಲ್ಲುತ್ತಿತ್ತು.

ಹಾಗೆಂದು ಆ ವ್ಯವಸ್ಥೆಯನ್ನು ಪೂರಾ ಹೊಗಳುವಂತಿಲ್ಲ. ನೀರುಗಂಟಿಯ ಕೆಲಸ ಬಹುಪಾಲು ದಲಿತ ಕುಟುಂಬಗಳಿಗೆ ಹುಟ್ಟಿನಿಂದಲೇ ಅಂಟಿಕೊಂಡದ್ದು. ಊರಿನ ನೀರನ್ನೆಲ್ಲ ಕಾಯುವವನಿಗೆ ಊರೊಳಗೆ ಸಮನಾದ ಜಾಗವಿರಲಿಲ್ಲ. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನೆಲ್ಲ 1961ರ ಕಾಯ್ದೆ ರದ್ದುಗೊಳಿಸಿದ್ದು ನ್ಯಾಯವೇ. ಆದರೆ ಹುಟ್ಟಿನ ಕಟ್ಟು ಕಳಚಿದಾಗ ಆ ಹೊಣೆಯನ್ನು ಸಂಬಳ, ಗೌರವಗಳೊಂದಿಗೆ ಬೇರೊಬ್ಬರಿಗೆ ವಹಿಸುವ ಏರ್ಪಾಡು ಊರೂರಿಗೂ ಆಗಲಿಲ್ಲ. ಕೆರೆಗಳು ಇಲಾಖೆಗಳ ಕಡತಕ್ಕೆ ಸೇರಿದವು. ಕೊಳವೆಬಾವಿಗಳು ಬಂದ ಮೇಲಂತೂ ಕೆರೆಯ ಕಡೆ ನೋಡುವ ಅಗತ್ಯವೂ ರೈತನಿಗೆ ಕಡಿಮೆಯಾಯಿತು.

ಕಾಲೇಜಿನಿಂದ ಹಳ್ಳಿಗೆ

ತೆರವಾದ ಈ ಜಾಗಕ್ಕೆ ಬೇರೊಂದು ದಿಕ್ಕಿನಿಂದ ಬಂದವರು ವಿದ್ಯಾರ್ಥಿಗಳು. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು, ಅಂದಿನ ಕೇಂದ್ರ ಶಿಕ್ಷಣ ಸಚಿವ ಡಾ. ವಿ.ಕೆ.ಆರ್.ವಿ. ರಾವ್ ಅವರು 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆಗೆ ಚಾಲನೆ ನೀಡಿದರು. ಆಗ ಬಳ್ಳಾರಿಯ ಲೋಕಸಭಾ ಸದಸ್ಯರಾಗಿದ್ದ ರಾವ್ ಅವರೇ ಮುಂದೆ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯನ್ನು ಕಟ್ಟಿದವರು. ಮೊದಲ ವರ್ಷ ಯೋಜನೆಗೆ ಸೇರಿದವರು ಸುಮಾರು 40 ಸಾವಿರ ವಿದ್ಯಾರ್ಥಿಗಳು. ಬರಗಾಲ ಕಾಡುತ್ತಿದ್ದ 1973ರಲ್ಲಿ ಬರದ ವಿರುದ್ಧ ಯುವಜನ ಎಂಬುದೇ ಅದರ ವಿಶೇಷ ಶಿಬಿರಗಳ ವಿಷಯವಾಗಿತ್ತು.

ಎನ್ಎಸ್ಎಸ್ ಸ್ವಯಂಸೇವಕರು ಎರಡು ವರ್ಷಗಳಲ್ಲಿ ಒಟ್ಟು 240 ಗಂಟೆ ಸೇವೆ ಮಾಡಬೇಕು, ಜೊತೆಗೆ ಏಳು ದಿನಗಳ ವಿಶೇಷ ಶಿಬಿರದಲ್ಲಿ ಪಾಲ್ಗೊಳ್ಳಬೇಕು. ಹಳ್ಳಿಯ ಶಾಲೆಯಲ್ಲಿ ತಂಗಿ, ಬೆಳಿಗ್ಗೆ ಶ್ರಮದಾನ, ಮಧ್ಯಾಹ್ನ ಉಪನ್ಯಾಸ, ರಾತ್ರಿ ಸಾಂಸ್ಕೃತಿಕ ಕಾರ್ಯಕ್ರಮ. ರಾಜ್ಯದ ಎಷ್ಟೋ ಪದವೀಧರರು ಮೊದಲ ಸಲ ಹಾರೆ ಹಿಡಿದದ್ದು ಇಂಥ ಶಿಬಿರದಲ್ಲೇ. ಈ ಅನುಭವದ ಬೆಲೆಯನ್ನು ಕಡೆಗಣಿಸುವಂತಿಲ್ಲ. ಆದರೆ ನೆಲದ ದೃಷ್ಟಿಯಿಂದ ನೋಡಿದರೆ ತೊಡಕೊಂದು ಕಾಣುತ್ತದೆ. ಶಿಬಿರದ ದಿನಾಂಕವನ್ನು ಗೊತ್ತುಮಾಡುವುದು ಕಾಲೇಜಿನ ವೇಳಾಪಟ್ಟಿ. ನೆಲ ಮಾತ್ರ ಮಳೆಯ ವೇಳಾಪಟ್ಟಿಯನ್ನು ಬಿಟ್ಟು ಬೇರೆ ಯಾವುದನ್ನೂ ಕೇಳುವುದಿಲ್ಲ.

ಯಾವ ಕಾಲಕ್ಕೆ ಯಾವ ಕೆಲಸ

ಸೋಂಪುರದಂಥ ಬಯಲುಸೀಮೆಯ ಅಂಚಿನ ಊರಿನಲ್ಲಿ ಹೂಳೆತ್ತಲು, ಏರಿ ಗಟ್ಟಿಮಾಡಲು, ಕಾಲುವೆ ಬಿಡಿಸಲು ಶಿವರಾತ್ರಿಯಿಂದ ಯುಗಾದಿ ಕಳೆಯುವವರೆಗಿನ ಒಣಗಾಲವೇ ಸರಿ. ಭರಣಿ, ಕೃತ್ತಿಕೆಯ ಮಳೆ ಹನಿದು ನೆಲ ಮೆತ್ತಗಾದಾಗ ಗುಂಡಿ ತೋಡಬೇಕು. ಮೃಗಶಿರಾ, ಆರಿದ್ರಾ ಮಳೆಗಳ ಹೊತ್ತಿಗೆ ಸಸಿ ನೆಟ್ಟರೆ ಬೇರು ಇಳಿಯಲು ನಾಲ್ಕೈದು ತಿಂಗಳ ತೇವ ಸಿಗುತ್ತದೆ. ಡಿಸೆಂಬರ್ ರಜೆಯಲ್ಲಿ ನೆಟ್ಟ ಗಿಡಕ್ಕೆ ಬೇಸಿಗೆ ಪೂರ್ತಿ ನೀರು ಹೊರುವವರಿಲ್ಲದಿದ್ದರೆ ಯುಗಾದಿಯ ಹೊತ್ತಿಗೆ ಉಳಿಯುವುದು ಒಣಕಡ್ಡಿ.

ಬೆಟ್ಟದ ತಪ್ಪಲಿನ ಕುರುಚಲು ಕಾಡಿಗೂ ಇದೇ ಲೆಕ್ಕ. ಹತ್ತೊಂಬತ್ತನೇ ಶತಮಾನದಲ್ಲಿ ತೋಟದ ಅಲಂಕಾರಕ್ಕೆಂದು ಭಾರತಕ್ಕೆ ಬಂದ ಲಂಟಾನ ಈಗ ಕಾಡುಗಳ ನೆಲವನ್ನೇ ಮುಚ್ಚಿದೆ. ಅದನ್ನು ಮೇಲಿಂದ ಮಚ್ಚಿನಲ್ಲಿ ಕಡಿದರೆ ಬುಡದಿಂದ ಇನ್ನಷ್ಟು ಚಿಗುರುತ್ತದೆ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಮತ್ತು ಸಂಗಡಿಗರು ರೂಪಿಸಿದ ಕ್ರಮದಲ್ಲಿ ಚಿಗುರೊಡೆಯುವ ಭಾಗಕ್ಕಿಂತ ಕೆಳಗೆ, ಮಣ್ಣಿನೊಳಗೆ, ತಾಯಿಬೇರನ್ನು ಕತ್ತರಿಸಿ ಪೊದೆಯನ್ನು ತಲೆಕೆಳಗಾಗಿ ಒಣಗಲು ಬಿಡುತ್ತಾರೆ. ಅದೂ ಹಣ್ಣು ಕಟ್ಟುವ ಮುನ್ನ ಆಗಬೇಕು. ಇಲ್ಲವಾದರೆ ಹಕ್ಕಿಗಳು ಬೀಜವನ್ನು ಮತ್ತೆ ಹರಡುತ್ತವೆ. ತೆರವಾದ ಜಾಗಕ್ಕೆ ಮುಂದಿನ ಎರಡು ಮೂರು ಮಳೆಗಾಲ ಹೋಗಿ ಹೊಸ ಮೊಳಕೆ ಕೀಳುತ್ತಿರಬೇಕು. ಬೇಸಿಗೆಗೆ ಮುಂಚೆ ಬೆಂಕಿ ಹರಡದಂತೆ ಒಣಹುಲ್ಲು ಸವರಿ ಬೆಂಕಿರೇಖೆ ಎಳೆಯಬೇಕು.

ಇನ್ನು ಎಲ್ಲಿ ಏನು ನೆಡಬೇಕು ಎಂಬ ತಿಳಿವಳಿಕೆ. ಎಲ್ಲ ಬಯಲೂ ಬಂಜರಲ್ಲ. ಇಲ್ಲಿಗೆ ದೂರವಲ್ಲದ ಹೆಸರಘಟ್ಟದ ಹುಲ್ಲುಗಾವಲಿನಲ್ಲಿ 2011ರಲ್ಲಿ ಲೆಸ್ಸರ್ ಫ್ಲೋರಿಕನ್ ಎಂಬ ಅತಿ ಅಪರೂಪದ ಹಕ್ಕಿ ಕಾಣಿಸಿಕೊಂಡಿತ್ತು. ಹುಲ್ಲನ್ನೇ ನಂಬಿದ ಇಂಥ ಜೀವಿಗಳ ನೆಲದಲ್ಲಿ ಸಾಲುಮರ ನೆಟ್ಟರೆ ಅವುಗಳ ಮನೆ ಕಿತ್ತಂತೆ. ಹಸಿರು ಕಂಡದ್ದೆಲ್ಲ ಒಳಿತಲ್ಲ ಎಂಬುದಕ್ಕೆ ನೀಲಗಿರಿ ತೋಪುಗಳೂ ಸಾಕ್ಷಿ. ಅರ್ಕಾವತಿ ಬತ್ತಿದ್ದೇಕೆ ಎಂದು ಬೆಂಗಳೂರಿನ ಏಟ್ರೀ ಸಂಸ್ಥೆಯ ವಿಜ್ಞಾನಿಗಳು ಅಧ್ಯಯನ ನಡೆಸಿ 2015ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ ಮಳೆ ಕಡಿಮೆಯಾದದ್ದು ಕಾರಣವಲ್ಲ. ಕೊಳವೆಬಾವಿಗಳಿಂದ ಅಂತರ್ಜಲ ಕುಸಿದದ್ದು, ನೀಲಗಿರಿ ತೋಪುಗಳು ಹಬ್ಬಿದ್ದು ಮುಖ್ಯ ಕಾರಣಗಳು. ಅಂದಮೇಲೆ ಹೂಳೆತ್ತುವುದೊಂದರಿಂದಲೇ ನದಿ ಮರಳಿ ಹರಿಯದು.

ಆರು ತಿಂಗಳ ಸೇನೆ

ಯುವಜನರನ್ನು ಋತುಮಾನಕ್ಕೆ ಹೊಂದಿಸಿ ನೆಲದ ಕೆಲಸಕ್ಕೆ ತೊಡಗಿಸಿದ ದೊಡ್ಡ ಉದಾಹರಣೆ ಅಮೆರಿಕದ್ದು. ಆರ್ಥಿಕ ಕುಸಿತದಿಂದ ದೇಶ ತತ್ತರಿಸಿದ್ದ 1933ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಆರಂಭಿಸಿದ ಸಿವಿಲಿಯನ್ ಕನ್ಸರ್ವೇಶನ್ ಕೋರ್ 1942ರವರೆಗೆ ನಡೆಯಿತು. ಒಂದು ಸಲ ಸೇರಿದರೆ ಆರು ತಿಂಗಳು ಶಿಬಿರದಲ್ಲೇ ವಾಸ. ತಿಂಗಳಿಗೆ 30 ಡಾಲರ್ ಕೂಲಿ, ಅದರಲ್ಲಿ ಸುಮಾರು 25 ಡಾಲರ್ ಮನೆಗೆ ಹೋಗುತ್ತಿತ್ತು. ಒಂಬತ್ತು ವರ್ಷಗಳಲ್ಲಿ ಸುಮಾರು 30 ಲಕ್ಷ ಯುವಕರು ದುಡಿದು 300 ಕೋಟಿಯಷ್ಟು ಮರ ನೆಟ್ಟರು, ಮಣ್ಣು ಕೊಚ್ಚಿಹೋಗದಂತೆ ಒಡ್ಡು ಕಟ್ಟಿದರು. ಅದರಲ್ಲೂ ಕೊರತೆಗಳಿದ್ದವು. ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ, ಕರಿಯ ಯುವಕರಿಗೆ ಬೇರೆಯೇ ಶಿಬಿರಗಳಿದ್ದವು.

ಆ ಪ್ರಯೋಗದಿಂದ ಕಲಿಯಬೇಕಾದದ್ದು ಮರಗಳ ಲೆಕ್ಕವನ್ನಲ್ಲ. ದುಡಿಯುವವರಿಗೆ ಕೂಲಿ ಕೊಟ್ಟದ್ದು, ಒಂದು ಋತುವಾದರೂ ಒಂದೇ ಜಾಗದಲ್ಲಿ ಉಳಿಸಿದ್ದು ಅದರ ಸತ್ವ. ಪುಕ್ಕಟೆ ಶ್ರಮದಾನ ಹೊಟ್ಟೆ ತುಂಬಿದವರಿಗೆ ಮಾತ್ರ ಸಾಧ್ಯ. ಸೋಂಪುರದ ಹಳ್ಳಿಯ ಹುಡುಗ ಕಾರ್ಖಾನೆಯ ಪಾಳಿ ಕೆಲಸ ಬಿಟ್ಟು ಕಲ್ಯಾಣಿಗೆ ಇಳಿಯಬೇಕಾದರೆ ಅವನ ಮನೆಯ ಒಲೆಯೂ ಉರಿಯಬೇಕು.

ಹಳೆಯ ಊರಿಗೆ ಇಬ್ಬರೂ ಬೇಕಾಗಿದ್ದರು: ಬೇಸಿಗೆಯಲ್ಲಿ ಗಾಡಿ ಕಟ್ಟುವ ನೂರು ಜನ, ವರ್ಷವಿಡೀ ಏರಿಯ ಮೇಲೆ ನಡೆಯುವ ಒಬ್ಬ. ಇಂದಿನ ಶಿಬಿರಗಳು ಆ ನೂರು ಜನರನ್ನು ಮತ್ತೆ ಕೂಡಿಸಬಲ್ಲವು. ಆ ಒಬ್ಬನ ಜಾಗ ಮಾತ್ರ ಇನ್ನೂ ಖಾಲಿ. ಜಾತಿ ಕೇಳದೆ, ಹೆಣ್ಣು ಗಂಡೆಂಬ ಭೇದವಿಲ್ಲದೆ, ಆ ಊರಿನದೇ ಒಬ್ಬ ಯುವಕನಿಗೋ ಯುವತಿಗೋ ಸಂಬಳ ಕೊಟ್ಟು ಆ ಹೊಣೆ ಒಪ್ಪಿಸಿದರೆ, ಶಿಬಿರಕ್ಕೆ ಬಂದವರು ನೆಟ್ಟ ಹೊಂಗೆ, ನೇರಳೆಗಳಿಗೆ ಎರಡನೇ ಬೇಸಿಗೆ ದಾಟುವ ಅವಕಾಶ ಸಿಕ್ಕೀತು. ಎರಡು ಬೇಸಿಗೆ ದಾಟಿದ ಗಿಡ ಆಮೇಲೆ ತನ್ನ ದಾರಿ ತಾನೇ ನೋಡಿಕೊಳ್ಳುತ್ತದೆ.